ಲೆಪ್ಟಿನ್ ಜಾಸ್ತಿ ಇದ್ದರೂ ಹಸಿವು ಯಾಕೆ ಅಡಗುತ್ತಿಲ್ಲ?

ಪ್ರಶ್ನೆ: ನನಗೆ 39 ವರ್ಷ. ಎತ್ತರ 158 ಸೆಂ.ಮೀ., ತೂಕ 81 ಕೆಜಿ. ಎರಡು ವರ್ಷದ ಹಿಂದೆ ತುಂಬಾ ಕಟ್ಟುನಿಟ್ಟಾಗಿ ಡಯಟ್ ಮಾಡಿ ನಾಲ್ಕು ತಿಂಗಳಲ್ಲಿ 79ರಿಂದ 68ಕ್ಕೆ ಇಳಿದಿದ್ದೆ. ಇಳಿದದ್ದೆಲ್ಲ ವಾಪಸ್ ಬಂತು, ಮೇಲೆ 2 ಕೆಜಿ ಬೇರೆ. ಆಗಿನಿಂದ ಹಸಿವೇ ಬೇರೆ ಥರ ಆಗಿಬಿಟ್ಟಿದೆ. ಊಟ ಮುಗಿಸಿ ಎದ್ದರೂ ತೃಪ್ತಿ ಇಲ್ಲ. ಈಗ ಸ್ಕ್ಯಾನ್ ಮಾಡಿ ಫ್ಯಾಟಿ ಲಿವರ್ ಅಂದಿದ್ದಾರೆ. ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ 6.1 ಇದೆ, ಸಕ್ಕರೆ ಕಾಯಿಲೆಯ ಅಂಚು ಅಂತೆ. ಕೊಬ್ಬು ಹಾರ್ಮೋನ್ ಬಿಡುತ್ತದೆ, ನಿನಗೆ ಅದೇ ಏರುಪೇರಾಗಿದೆ ಎಂದು ಯಾರೋ ಹೇಳಿದ್ದಕ್ಕೆ ಲೆಪ್ಟಿನ್ ಟೆಸ್ಟ್ ಮಾಡಿಸಿದೆ. 38 ಬಂತು, ಪಕ್ಕದಲ್ಲಿ 'ಹೆಚ್ಚು' ಅಂತ ಗುರುತು. ಲೆಪ್ಟಿನ್ ಹಸಿವು ಅಡಗಿಸುವ ಹಾರ್ಮೋನ್ ಎಂದು ಓದಿದ್ದೇನೆ. ಹಾಗಿದ್ದರೆ ನನಗೆ ಹಸಿವೇ ಆಗಬಾರದಲ್ವಾ? 'ಲೆಪ್ಟಿನ್ ಹೆಚ್ಚಿಸುವ' ಕ್ಯಾಪ್ಸೂಲ್ ಡಬ್ಬಿ ಒಂದು ತರಿಸಿದ್ದೇನೆ, ತಗೊಳ್ಳಲಾ? ಲೈಪೋಸಕ್ಷನ್ ಮಾಡಿಸಿ ಕೊಬ್ಬು ಹೀರಿ ತೆಗೆಸಿದರೆ ಈ ಹಾರ್ಮೋನ್ ಗೋಳು ಮುಗಿಯುತ್ತಾ? ಕೊನೆಯದು: ನನ್ನ ಅಕ್ಕ 95 ಕೆಜಿ ಇದ್ದಾಳೆ, ಅವಳ ರಿಪೋರ್ಟ್ ಎಲ್ಲ ನಾರ್ಮಲ್. ಇದು ಯಾವ ನ್ಯಾಯ?

ಉತ್ತರ: ನಿಮ್ಮ ಪತ್ರದಲ್ಲೇ ಒಂದು ತಮಾಷೆ ಇದೆ, ಗಮನಿಸಿದಿರಾ? ಲೆಪ್ಟಿನ್ ಈಗಾಗಲೇ ಜಾಸ್ತಿ ಇರುವವರಿಗೆ ಲೆಪ್ಟಿನ್ ಹೆಚ್ಚಿಸುವ ಕ್ಯಾಪ್ಸೂಲ್! ಆ ಡಬ್ಬಿಯನ್ನು ಸದ್ಯಕ್ಕೆ ಪಕ್ಕಕ್ಕೆ ಇಡಿ. ಅದರ ವಿಚಾರಕ್ಕೆ ಆಮೇಲೆ ಬರುತ್ತೇನೆ.

ಕೊಬ್ಬು ಹಾರ್ಮೋನ್ ಬಿಡುತ್ತದೆ ಎಂದು ನಿಮಗೆ ಹೇಳಿದವರು ಸುಳ್ಳು ಹೇಳಿಲ್ಲ. ನಾನು ವೈದ್ಯಕೀಯ ಓದುವಾಗ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಹೆಣ ಕೊಯ್ಯುವ ತರಗತಿಯಲ್ಲಿ ನರ, ರಕ್ತನಾಳ ಕಾಣಲಿ ಎಂದು ಹಳದಿ ಕೊಬ್ಬನ್ನು ಕೆರೆದು ಕೆರೆದು ಬಕೆಟ್ಟಿಗೆ ಹಾಕುತ್ತಿದ್ದೆವು. ಅದು ದೇಹದ ಪ್ಯಾಕಿಂಗ್ ಸಾಮಾನು, ಮಿಕ್ಕ ಶಕ್ತಿಯನ್ನು ತುಂಬಿಡುವ ಕಣಜ, ಅಷ್ಟೇ ಎಂಬ ಭಾವನೆ ನಮ್ಮದು. ನಾವು ಬಕೆಟ್ಟಿಗೆ ಹಾಕುತ್ತಿದ್ದದ್ದು ದೇಹದ ಅತಿ ದೊಡ್ಡ ಹಾರ್ಮೋನ್ ಗ್ರಂಥಿಗಳಲ್ಲಿ ಒಂದನ್ನು ಎಂದು ಗೊತ್ತಾಗಲು 1994 ಬರಬೇಕಾಯಿತು.

ಈ ಕತೆ ಶುರುವಾಗುವುದು ಒಂದು ಇಲಿಯಿಂದ. 1949ರಲ್ಲಿ ಅಮೆರಿಕದ ಮೇನ್ ರಾಜ್ಯದ ಜಾಕ್ಸನ್ ಲ್ಯಾಬೊರೇಟರಿಯಲ್ಲಿ ಸಾಕಿದ ಇಲಿಗಳ ನಡುವೆ ಒಂದು ಡುಮ್ಮ ಇಲಿ ಕಾಣಿಸಿತು. ಬೇರೆಯವುಗಳ ಎರಡು ಮೂರು ಪಟ್ಟು ತೂಕ. ಯಾವಾಗ ನೋಡಿದರೂ ತಿನ್ನುತ್ತಲೇ ಇರುತ್ತಿತ್ತು. ಅದರ ವಂಶಕ್ಕೆ 'ಒಬಿ' ಎಂದು ಹೆಸರಿಟ್ಟರು. 1960ರ ದಶಕದಲ್ಲಿ ಅಲ್ಲೇ ಇನ್ನೊಂದು ಬಗೆಯ ಡುಮ್ಮ ಇಲಿ ಸಿಕ್ಕಿತು. ಇದಕ್ಕೆ ಸಕ್ಕರೆ ಕಾಯಿಲೆಯೂ ಜೋರಾಗಿತ್ತು. ಇದು 'ಡಿಬಿ'. ನೋಡಲು ಎರಡೂ ಒಂದೇ ಥರ.

ಅಲ್ಲಿದ್ದ ಡಗ್ಲಸ್ ಕೋಲ್‌ಮನ್ ಎಂಬ ವಿಜ್ಞಾನಿ ಒಂದು ವಿಚಿತ್ರ ಪ್ರಯೋಗ ಮಾಡಿದರು. ಎರಡು ಇಲಿಗಳ ಚರ್ಮವನ್ನು ಪಕ್ಕಪಕ್ಕಕ್ಕೆ ಸೇರಿಸಿ ಹೊಲಿದರು. ಒಂದರ ರಕ್ತ ಇನ್ನೊಂದಕ್ಕೆ ಸ್ವಲ್ಪ ಸ್ವಲ್ಪ ಹರಿಯುವಂತಾಯಿತು. ಡಿಬಿ ಇಲಿಯ ಜೊತೆ ಮಾಮೂಲಿ ಇಲಿಯನ್ನು ಸೇರಿಸಿದಾಗ ಮಾಮೂಲಿ ಇಲಿ ತಿನ್ನುವುದನ್ನೇ ಬಿಟ್ಟು ಸೊರಗಿ ಸತ್ತಿತು. ಡಿಬಿ ಮಾತ್ರ ಯಥಾಪ್ರಕಾರ ತಿನ್ನುತ್ತಿತ್ತು. ಡಿಬಿಯ ಜೊತೆ ಒಬಿಯನ್ನು ಸೇರಿಸಿದಾಗಲೂ ಹಾಗೇ. ಜನ್ಮದಲ್ಲಿ ಊಟ ಬಿಟ್ಟು ಗೊತ್ತಿಲ್ಲದ ಒಬಿ ಇಲಿ ತಟ್ಟೆಯ ಕಡೆ ತಿರುಗಿಯೂ ನೋಡಲಿಲ್ಲ.

ಕೋಲ್‌ಮನ್ ಲೆಕ್ಕ ಹಾಕಿದ್ದು ಹೀಗೆ. ರಕ್ತದಲ್ಲಿ 'ಸಾಕು' ಎಂದು ಹೇಳುವ ವಸ್ತು ಒಂದಿದೆ. ಒಬಿ ಇಲಿ ಅದನ್ನು ತಯಾರಿಸಲಾರದು, ಆದರೆ ಯಾರಾದರೂ ಕೊಟ್ಟರೆ ಅದಕ್ಕೆ ಕೇಳಿಸುತ್ತದೆ. ಡಿಬಿ ಇಲಿ ಅದನ್ನು ರಾಶಿ ರಾಶಿ ತಯಾರಿಸುತ್ತದೆ, ಆದರೆ ಅದಕ್ಕೆ ಕೇಳಿಸುವುದಿಲ್ಲ. ಒಂದು ಮೂಗ, ಒಂದು ಕಿವುಡ. ಆ ವಸ್ತು ಯಾವುದು ಎಂದು ಹಿಡಿಯಲು ಇನ್ನೂ ಇಪ್ಪತ್ತು ವರ್ಷ ಹಿಡಿಯಿತು. 1994ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದ ಜೆಫ್ರಿ ಫ್ರೀಡ್‌ಮನ್ ತಂಡ ಅದರ ಜೀನ್ ಪತ್ತೆ ಮಾಡಿತು. ಅದನ್ನು ತಯಾರಿಸುತ್ತಿದ್ದದ್ದು ಕೊಬ್ಬಿನ ಜೀವಕೋಶ. 'ತೆಳ್ಳಗೆ' ಎಂಬ ಅರ್ಥದ ಗ್ರೀಕ್ ಪದದಿಂದ ಅದಕ್ಕೆ ಲೆಪ್ಟಿನ್ ಎಂದು ಹೆಸರು ಬಂತು. ಮರುವರ್ಷ ಅದನ್ನು ಕೇಳಿಸಿಕೊಳ್ಳುವ ರಿಸೆಪ್ಟರ್ ಕೂಡ ಸಿಕ್ಕಿತು. ಡಿಬಿ ಇಲಿಯಲ್ಲಿ ಕೆಟ್ಟಿದ್ದದ್ದು ಅದೇ. ಕೋಲ್‌ಮನ್ ಲೆಕ್ಕ ಒಂದಿಷ್ಟೂ ತಪ್ಪಿರಲಿಲ್ಲ.

ಆಗ ಎದ್ದ ಗದ್ದಲ ಕೇಳಬೇಡಿ. ಒಬಿ ಇಲಿಗೆ ಲೆಪ್ಟಿನ್ ಚುಚ್ಚಿದರೆ ಕೆಲವೇ ವಾರಗಳಲ್ಲಿ ಸಪೂರ ಆಗುತ್ತಿತ್ತು. ಬೊಜ್ಜಿಗೆ ಮದ್ದು ಸಿಕ್ಕೇಬಿಟ್ಟಿತು ಎಂದು ಎಲ್ಲರೂ ಅಂದುಕೊಂಡರು. ಆಮ್ಜೆನ್ ಎಂಬ ಔಷಧ ಕಂಪನಿ ಅದರ ಹಕ್ಕು ಪಡೆಯಲು 2 ಕೋಟಿ ಡಾಲರ್ ಕೊಟ್ಟಿತು. ದಪ್ಪಗಿರುವ ಮನುಷ್ಯರಿಗೂ ಲೆಪ್ಟಿನ್ ಕಡಿಮೆ ಇರಬೇಕು, ಚುಚ್ಚಿದರೆ ಸರಿಹೋಗಬೇಕು ಎಂಬ ಲೆಕ್ಕ.

ಅಳೆದು ನೋಡಿದರೆ ತಿರುಗುಮುರುಗು. 1996ರಲ್ಲಿ ಪ್ರಕಟವಾದ ಅಳತೆಯಲ್ಲಿ ಮಾಮೂಲಿ ತೂಕದವರ ಒಂದು ಮಿಲಿಲೀಟರ್ ರಕ್ತದಲ್ಲಿ ಸರಾಸರಿ 7.5 ನ್ಯಾನೋಗ್ರಾಂ ಲೆಪ್ಟಿನ್ ಇತ್ತು. ದಪ್ಪಗಿರುವವರಲ್ಲಿ 31.3. ಅಂದರೆ ಸುಮಾರು ನಾಲ್ಕು ಪಟ್ಟು. ನಿಮ್ಮ 38 ಇದೇ ಸಾಲಿಗೆ ಸೇರುತ್ತದೆ. ಕೊಬ್ಬು ಹೆಚ್ಚಿದಷ್ಟೂ ಲೆಪ್ಟಿನ್ ಹೆಚ್ಚು. ಒಂದೇ ಪ್ರಮಾಣದ ಕೊಬ್ಬಿದ್ದರೂ ಹೆಂಗಸರಲ್ಲಿ ಗಂಡಸರಿಗಿಂತ ಇನ್ನೂ ಹೆಚ್ಚು. ಹಾಗಾಗಿ ಆ ರಿಪೋರ್ಟ್ ನಿಮಗೆ ಹೇಳಿದ್ದು ತೂಕದ ಯಂತ್ರ ಮೊದಲೇ ಹೇಳಿದ್ದನ್ನೇ. ಟೆಸ್ಟಿಗೆ ಕೊಟ್ಟ ದುಡ್ಡು ದಂಡ, ಬೇಜಾರು ಮಾಡಿಕೊಳ್ಳಬೇಡಿ.

ಆ ಚುಚ್ಚುಮದ್ದಿನ ಗತಿ ಏನಾಯಿತು? 1999ರಲ್ಲಿ ಪ್ರಯೋಗದ ಫಲಿತಾಂಶ ಬಂತು. ತೀರಾ ಜಾಸ್ತಿ ಡೋಸ್ ತೆಗೆದುಕೊಂಡ ಕೆಲವರು ಒಂದಷ್ಟು ಇಳಿದರು. ಉಳಿದವರಲ್ಲಿ ಹೇಳಿಕೊಳ್ಳುವಂಥದ್ದು ಏನೂ ಆಗಲಿಲ್ಲ. ಅದಾಗಲೇ 38 ಇರುವಲ್ಲಿ ಇನ್ನಷ್ಟು ಸುರಿದು ಏನು ಪ್ರಯೋಜನ?

ಲೆಪ್ಟಿನ್ ನಿಜಕ್ಕೂ ಪವಾಡ ಮಾಡಿದ ಜಾಗವೂ ಇದೆ. 1997ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ ತಂಡ ಒಂದೇ ಕುಟುಂಬದ ಇಬ್ಬರು ಮಕ್ಕಳ ಬಗ್ಗೆ ಬರೆಯಿತು. 8 ವರ್ಷದ ಹುಡುಗಿಗೆ 86 ಕೆಜಿ. 2 ವರ್ಷದ ಹುಡುಗನಿಗೆ 29 ಕೆಜಿ. ಹುಟ್ಟುವಾಗ ಮಾಮೂಲಿ ತೂಕ. ಆಮೇಲೆ ಏನು ಕೊಟ್ಟರೂ ತಣಿಯದ ಹಸಿವು. ಅವರ ಜೀನ್‌ನಲ್ಲಿ ಒಂದು ಅಕ್ಷರ ಬಿಟ್ಟುಹೋಗಿ ಲೆಪ್ಟಿನ್ ತಯಾರಾಗುತ್ತಲೇ ಇರಲಿಲ್ಲ. ಆ ಹುಡುಗಿಗೆ ದಿನಾ ಲೆಪ್ಟಿನ್ ಚುಚ್ಚಿದಾಗ ಒಂದು ವರ್ಷದಲ್ಲಿ 16 ಕೆಜಿ ಇಳಿಯಿತು. ಇಳಿದದ್ದು ಹೆಚ್ಚುಕಡಿಮೆ ಪೂರ್ತಿ ಕೊಬ್ಬೇ. ಅದಕ್ಕಿಂತ ಮುಖ್ಯ, ಊಟದ ಮುಂದೆ ಅವಳು ಬೇರೆ ಮಕ್ಕಳಂತಾದಳು. ಇಂಥ ಮಕ್ಕಳು ಇಡೀ ಜಗತ್ತಿನಲ್ಲೇ ಬಹಳ ಅಪರೂಪ. ಹಸುಗೂಸಾಗಿದ್ದಾಗಿನಿಂದಲೇ ವಿಪರೀತ ಹಸಿವು, ವಿಪರೀತ ತೂಕ ಇರುವ ಮಗುವಿಗೆ ಲೆಪ್ಟಿನ್ ಪರೀಕ್ಷೆ ಬೇಕು. 39ರಲ್ಲಿ 81 ಕೆಜಿ ಇರುವವರಿಗೆ ಬೇಡ.

ಈಗ ನಿಮ್ಮ ನಿಜವಾದ ಪ್ರಶ್ನೆಗೆ ಬರೋಣ. ಲೆಪ್ಟಿನ್ ಇಷ್ಟಿದ್ದೂ ಹಸಿವು ಯಾಕೆ?

ಇದನ್ನು ಎರಡು ಭಾಗ ಮಾಡಿ ಹೇಳಬೇಕು. ಮೊದಲನೆಯದು ನಿಮ್ಮ ಓದಿನಲ್ಲೂ ಸಿಕ್ಕಿರಬಹುದು: ಲೆಪ್ಟಿನ್‌ಗೆ ಮೆದುಳು ಕಿವಿಗೊಡದಿರುವುದು. ಲೆಪ್ಟಿನ್ ಕೊಬ್ಬಿನಿಂದ ಹೊರಟು ರಕ್ತದಲ್ಲಿ ಮೆದುಳಿನ ಬುಡದಲ್ಲಿರುವ ಹೈಪೋಥಲಾಮಸ್‌ಗೆ ಹೋಗುತ್ತದೆ. ಅಲ್ಲಿ ಹಸಿವು ಎಬ್ಬಿಸುವ ನರಕೋಶಗಳನ್ನು ಸುಮ್ಮನಾಗಿಸುತ್ತದೆ, ಹಸಿವು ತಗ್ಗಿಸುವ ನರಕೋಶಗಳನ್ನು ಎಬ್ಬಿಸುತ್ತದೆ. ಆದರೆ ವರ್ಷಗಟ್ಟಲೆ ಲೆಪ್ಟಿನ್ ಏರಿಯೇ ಇದ್ದರೆ ರಕ್ತದಿಂದ ಮೆದುಳಿನೊಳಗೆ ದಾಟುವುದು ಕಡಿಮೆ ಆಗುತ್ತದೆ. ದಾಟಿದ್ದರ ಸದ್ದನ್ನೂ ನರಕೋಶದ ಒಳಗಿನ ಕೆಲವು ಪ್ರೋಟೀನ್‌ಗಳು ತಗ್ಗಿಸುತ್ತವೆ. ದಿನಾ ಸಾಯೋರಿಗೆ ಅಳೋರು ಯಾರು ಎಂಬ ಹಾಗೆ. ಮೆದುಳಿನದು ಜಾಣ ಕಿವುಡು.

ಇಷ್ಟು ಹೇಳಿ ಬಹಳ ಜನ ನಿಲ್ಲಿಸಿಬಿಡುತ್ತಾರೆ. ನನಗೆ ಎರಡನೆಯ ಭಾಗವೇ ಮುಖ್ಯ ಅನಿಸುತ್ತದೆ. ಲೆಪ್ಟಿನ್‌ನ ಕೆಲಸ ನಿಮ್ಮನ್ನು ದಪ್ಪ ಆಗದಂತೆ ಕಾಯುವುದು ಎಂದು ನಾವು ಅಂದುಕೊಂಡಿದ್ದೇ ತಪ್ಪಿರಬಹುದು. ಅದು ಕಾವಲು ಇರುವುದು ಬರಗಾಲ ಬಂದೀತೆಂದು. ಕಣಜದಲ್ಲಿ ದವಸ ಇದೆಯೋ ಇಲ್ಲವೋ ಎಂದು ಮೆದುಳಿಗೆ ವರದಿ ಕೊಡುವ ಕಾವಲುಗಾರ ಅದು. ದವಸ ತುಂಬಿ ತುಳುಕಿದರೆ ಅದಕ್ಕೆ ಗಾಬರಿ ಇಲ್ಲ. ಒಂದು ಮೂಟೆ ಖಾಲಿಯಾದರೆ ಮಾತ್ರ ಊರೆಲ್ಲ ಕೇಳುವ ಹಾಗೆ ಡಂಗುರ ಹೊಡೆಯುತ್ತದೆ.

ಇದಕ್ಕೆ ಆಧಾರ ಇದೆ. ಎರಡು ಮೂರು ದಿನ ಉಪವಾಸ ಇದ್ದವರ ಲೆಪ್ಟಿನ್ ಅಳೆದರೆ ಅರ್ಧಕ್ಕಿಂತ ಕೆಳಗೆ ಬಿದ್ದಿರುತ್ತದೆ. ಅಷ್ಟು ಹೊತ್ತಿಗೆ ಮೈಯ ಕೊಬ್ಬು ಒಂದು ಕೆಜಿಯೂ ಕರಗಿರುವುದಿಲ್ಲ! ಒಂದು ಕೆಜಿ ಕೊಬ್ಬಿನ ಅಂಗಾಂಶದಲ್ಲಿ ಸುಮಾರು 7,700 ಕ್ಯಾಲೊರಿ ಇರುತ್ತದೆ. ಅದು ಕರಗುವುದು ನಿಧಾನ. ಅದು ಕರಗುವ ತನಕ ಲೆಪ್ಟಿನ್ ಸುಮ್ಮನಿರುವುದಿಲ್ಲ, ಮೊದಲೇ ಕೂಗುತ್ತದೆ. 1996ರಲ್ಲಿ ಹಾರ್ವರ್ಡ್ ತಂಡ ಇಲಿಗಳನ್ನು ಉಪವಾಸ ಕೆಡವಿ, ಅದೇ ಹೊತ್ತಿಗೆ ಲೆಪ್ಟಿನ್ ಚುಚ್ಚಿತು. ಉಪವಾಸದಲ್ಲಿ ಥೈರಾಯ್ಡ್ ಕುಗ್ಗುವುದು, ಸಂತಾನದ ಹಾರ್ಮೋನ್‌ಗಳು ಇಳಿಯುವುದು, ಒತ್ತಡದ ಹಾರ್ಮೋನ್ ಏರುವುದು ಎಲ್ಲ ಬಹುಮಟ್ಟಿಗೆ ತಪ್ಪಿತು. ಅಂದರೆ 'ಬರ ಬಂದಿದೆ, ಖರ್ಚು ನಿಲ್ಲಿಸಿ' ಎಂಬ ಆಜ್ಞೆ ಹೊರಡುವುದು ಲೆಪ್ಟಿನ್ ಬಿದ್ದಾಗ. ಕೊಬ್ಬು ತೀರಾ ಇಳಿದ ಓಟಗಾರ್ತಿಯರಿಗೆ ಮುಟ್ಟು ನಿಲ್ಲುವುದರ ಹಿಂದೆಯೂ ಇದೇ ಇದೆ. ಅಂಥ ಕೆಲವು ಹೆಂಗಸರಿಗೆ ಲೆಪ್ಟಿನ್ ಕೊಟ್ಟಾಗ ಮುಟ್ಟು ಮರಳಿದ್ದು 2004ರಲ್ಲಿ ವರದಿಯಾಗಿದೆ.

ಈಗ ನಿಮ್ಮ 11 ಕೆಜಿ ಕತೆಯನ್ನು ಇದರ ಮುಂದೆ ಇಟ್ಟು ನೋಡಿ. 68 ಕೆಜಿಯಲ್ಲಿ ಕನ್ನಡಿ ನಿಮಗೆ 'ಇನ್ನೂ ಇಳಿಯಬೇಕು' ಎನ್ನುತ್ತಿತ್ತು. ಮೆದುಳಿಗೆ ಮಾತ್ರ 'ಕಣಜ ಬರಿದಾಗುತ್ತಿದೆ' ಎಂಬ ಸುದ್ದಿ ಹೋಗುತ್ತಿತ್ತು. ಯಾಕೆಂದರೆ ಅದು ನೋಡುವುದು ಚಾರ್ಟಿನಲ್ಲಿರುವ ತೂಕವನ್ನಲ್ಲ, ನಿನ್ನೆಗೂ ಇವತ್ತಿಗೂ ಇರುವ ಅಂತರವನ್ನು.

2011ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್ ತಂಡವೊಂದು ನಿಮ್ಮಂಥದ್ದೇ ಅನುಭವವನ್ನು ಅಳೆದು ತೋರಿಸಿತು. 50 ಜನರಿಗೆ 10 ವಾರ ತುಂಬಾ ಕಡಿಮೆ ಕ್ಯಾಲೊರಿಯ ಆಹಾರ. ಸರಾಸರಿ 13 ಕೆಜಿಗೂ ಮೀರಿ ಇಳಿದರು. ಲೆಪ್ಟಿನ್ ಸುಮಾರು 65% ಬಿತ್ತು. ಅಂದರೆ ತೂಕ ಇಳಿದ ಪ್ರಮಾಣಕ್ಕಿಂತ ಎಷ್ಟೋ ಜಾಸ್ತಿ. ಹೊಟ್ಟೆಯಲ್ಲಿ ತಯಾರಾಗಿ ಹಸಿವು ಎಬ್ಬಿಸುವ ಗ್ರೆಲಿನ್ ಏರಿತು. ಇದರಲ್ಲಿ ಆಶ್ಚರ್ಯ ಏನಿಲ್ಲ. ಆಶ್ಚರ್ಯ ಇದ್ದದ್ದು ಒಂದು ವರ್ಷದ ನಂತರದ ಅಳತೆಯಲ್ಲಿ. ಅಷ್ಟರಲ್ಲಿ ಒಂದಷ್ಟು ತೂಕ ಮರಳಿ ಬಂದಿತ್ತು. ಆದರೂ ಲೆಪ್ಟಿನ್ ಮೊದಲಿಗಿಂತ ಸುಮಾರು 35% ಕೆಳಗೇ ಇತ್ತು, ಗ್ರೆಲಿನ್ ಮೇಲೇ ಇತ್ತು. ಹಸಿವು ಡಯಟ್ ಶುರು ಮಾಡುವ ಮೊದಲಿಗಿಂತ ಜಾಸ್ತಿ ಎಂದು ಅವರೇ ಹೇಳಿದರು. ವರ್ಷ ಕಳೆದರೂ ದೇಹ ಬರಗಾಲ ಮರೆತಿರಲಿಲ್ಲ.

ಜೊತೆಗೆ ಖರ್ಚೂ ಕುಗ್ಗುತ್ತದೆ. 10% ತೂಕ ಇಳಿಸಿ ಅಲ್ಲೇ ನಿಲ್ಲಿಸಿದವರ ದೇಹ, ಹುಟ್ಟಾ ಅದೇ ತೂಕ ಇರುವವರಿಗಿಂತ ದಿನಕ್ಕೆ ಕೆಲವು ನೂರು ಕ್ಯಾಲೊರಿ ಕಡಿಮೆ ಸುಡುತ್ತದೆ. ಸ್ನಾಯುಗಳು ಅದೇ ಕೆಲಸವನ್ನು ಅಗ್ಗದಲ್ಲಿ ಮುಗಿಸುವುದನ್ನು ಕಲಿಯುತ್ತವೆ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದವರು ಹೀಗೆ ತೂಕ ಇಳಿಸಿದವರಿಗೆ ಸಣ್ಣ ಡೋಸ್ ಲೆಪ್ಟಿನ್ ಕೊಟ್ಟು, ರಕ್ತದ ಮಟ್ಟವನ್ನು ಹಳೆಯ ತೂಕದಲ್ಲಿ ಇದ್ದಷ್ಟಕ್ಕೇ ತಂದರು. ಕುಗ್ಗಿದ್ದ ಖರ್ಚು ಬಹುಪಾಲು ಸರಿಹೋಯಿತು. ದಪ್ಪಗಿರುವವರಿಗೆ ಸುರಿದರೂ ಕೆಲಸ ಮಾಡದ ಅದೇ ಲೆಪ್ಟಿನ್, ಇಳಿದವರಿಗೆ ಚೂರೇ ಕೊಟ್ಟರೂ ಕೆಲಸ ಮಾಡಿತು. ಕಾವಲುಗಾರನ ಸ್ವಭಾವ ಇದಕ್ಕಿಂತ ಸ್ಪಷ್ಟವಾಗಿ ಗೊತ್ತಾಗುವುದು ಹೇಗೆ? ಈ ಉಪಾಯ ಇನ್ನೂ ಸಂಶೋಧನೆಯ ಮಟ್ಟದಲ್ಲೇ ಇದೆ. ಚಿಕಿತ್ಸೆಯಾಗಿ ಬಂದಿಲ್ಲ.

ಹಾಗಾಗಿ ತೂಕ ವಾಪಸ್ ಬಂದದ್ದಕ್ಕೆ 'ನನಗೆ ಬಾಯಿಚಪಲ' ಎಂದು ನಿಮ್ಮನ್ನು ನೀವೇ ಬೈದುಕೊಳ್ಳಬೇಡಿ. ಬೈಯಲು ಬೇರೆ ಜನ ಬೇಕಾದಷ್ಟು ಇರುತ್ತಾರೆ.

ಇಲ್ಲಿಯವರೆಗೆ ಹಸಿವಿನ ಮಾತಾಯಿತು. ನಿಮ್ಮ ಫ್ಯಾಟಿ ಲಿವರ್, ಎಚ್‌ಬಿಎ1ಸಿ, ಅಕ್ಕನ ರಿಪೋರ್ಟ್ ಬೇರೆ ಅಧ್ಯಾಯ. ಅಲ್ಲಿ ಲೆಪ್ಟಿನ್ ಒಬ್ಬನೇ ಇಲ್ಲ, ಕೊಬ್ಬು ಬಿಡುವ ಇನ್ನೂ ಹತ್ತಾರು ವಸ್ತುಗಳಿವೆ. ಎಲ್ಲದರ ಹೆಸರು ಹೇಳಿ ತಲೆ ಕೆಡಿಸುವುದಿಲ್ಲ. ಅದರಲ್ಲಿ ಕೆಲವದರ ಕತೆ ನಗೆಪಾಟಲಾಗಿ ಮುಗಿದಿದೆ. 2001ರಲ್ಲಿ ರೆಸಿಸ್ಟಿನ್ ಎಂಬುದು ಸಕ್ಕರೆ ಕಾಯಿಲೆಯ ಗುಟ್ಟು ಎಂದು ಸುದ್ದಿಯಾಯಿತು. ಅದು ಇಲಿಯ ಕೊಬ್ಬಿನಲ್ಲಿ ತಯಾರಾಗುತ್ತದೆ ನಿಜ. ಮನುಷ್ಯರಲ್ಲಿ ಅದನ್ನು ಮುಖ್ಯವಾಗಿ ತಯಾರಿಸುವುದು ಬಿಳಿ ರಕ್ತಕಣಗಳ ಜಾತಿಯ ಕೋಶಗಳು. 2005ರಲ್ಲಿ ವಿಸ್ಫಾಟಿನ್ ಎಂಬ ಇನ್ನೊಂದರ ಲೇಖನ ಬಂತು. ಎರಡು ವರ್ಷಕ್ಕೆ ಆ ಲೇಖನವನ್ನೇ ಹಿಂದಕ್ಕೆ ಪಡೆದರು. ಹೊಸ 'ಕೊಬ್ಬಿನ ಹಾರ್ಮೋನ್' ಸುದ್ದಿ ಬಂದಾಗ ನಾನು ಒಂದೈದು ವರ್ಷ ಸುಮ್ನೆ ಕಾದು ನೋಡುತ್ತೇನೆ.

ಕಾದು ನೋಡಿದ ಮೇಲೂ ಉಳಿದುಕೊಂಡದ್ದು ಅಡಿಪೊನೆಕ್ಟಿನ್. ಇದರ ನಡತೆ ಉಲ್ಟಾ. ಇದನ್ನು ತಯಾರಿಸುವುದು ಕೊಬ್ಬೇ, ಆದರೆ ಕೊಬ್ಬು ಹೆಚ್ಚಿದಷ್ಟೂ ಇದು ಕಡಿಮೆ. ರಕ್ತದಲ್ಲಿ ಲೆಪ್ಟಿನ್‌ಗಿಂತ ಸಾವಿರ ಪಟ್ಟಿನ ಲೆಕ್ಕದಲ್ಲಿ ಜಾಸ್ತಿ ಇರುತ್ತದೆ. ಲಿವರ್ ಸಕ್ಕರೆ ಸುರಿಯುವುದನ್ನು ತಗ್ಗಿಸುತ್ತದೆ, ಸ್ನಾಯುಗಳು ಕೊಬ್ಬು ಸುಡುವಂತೆ ಮಾಡುತ್ತದೆ, ಇನ್ಸುಲಿನ್‌ಗೆ ನೆರವಾಗುತ್ತದೆ. ಸಕ್ಕರೆ ಕಾಯಿಲೆಗೆ ಕೊಡುವ ಪಯೋಗ್ಲಿಟಜೋನ್ ಮಾತ್ರೆ ತೆಗೆದುಕೊಂಡವರಲ್ಲಿ ಇದು ಏರುತ್ತದೆ. ಆ ಮಾತ್ರೆಯಿಂದ ತೂಕ ಸ್ವಲ್ಪ ಜಾಸ್ತಿಯಾದರೂ ಸಕ್ಕರೆ ಇಳಿಯುತ್ತದೆ. ವಿಚಿತ್ರ ಅಲ್ವಾ?

ಇದಕ್ಕಿಂತ ವಿಚಿತ್ರದ ಪ್ರಯೋಗ ಹೇಳುತ್ತೇನೆ. ಅದರಲ್ಲಿ ನಿಮ್ಮ ಅಕ್ಕ ಇದ್ದಾರೆ. 2007ರಲ್ಲಿ ಫಿಲಿಪ್ ಶೆರರ್ ಎಂಬ ವಿಜ್ಞಾನಿಯ ತಂಡ ಲೆಪ್ಟಿನ್ ಇಲ್ಲದ ಒಬಿ ಇಲಿಗಳನ್ನೇ ತೆಗೆದುಕೊಂಡು, ಅಡಿಪೊನೆಕ್ಟಿನ್ ಮಾತ್ರ ಜಾಸ್ತಿ ತಯಾರಾಗುವಂತೆ ಜೀನ್ ಬದಲಿಸಿತು. ಇಲಿಗಳು ಮೊದಲಿಗಿಂತಲೂ ದಪ್ಪ ಆದವು. ಆದರೆ ಸಕ್ಕರೆ ನಾರ್ಮಲ್. ರಕ್ತದ ಕೊಬ್ಬಿನಾಂಶವೂ ಸುಧಾರಿಸಿತು. ಲಿವರ್‌ನಲ್ಲಿದ್ದ ಕೊಬ್ಬು ಕಡಿಮೆ. ಕೊಬ್ಬು ಹೆಚ್ಚಾಗಿ ಚರ್ಮದ ಕೆಳಗೆ, ಸಣ್ಣ ಸಣ್ಣ ಕೋಶಗಳಲ್ಲಿ, ಇರಬೇಕಾದ ಜಾಗದಲ್ಲಿ ಇತ್ತು.

ಇದರ ಇನ್ನೊಂದು ತುದಿ ನೋಡಿ. ಲೈಪೋಡಿಸ್ಟ್ರೋಫಿ ಎಂಬ ಅಪರೂಪದ ಕಾಯಿಲೆಯಲ್ಲಿ ಮೈಯಲ್ಲಿ ಕೊಬ್ಬೇ ಇರುವುದಿಲ್ಲ. ತೋಳು, ತೊಡೆಯ ನರ ಎದ್ದು ಕಾಣುವಷ್ಟು ತೆಳ್ಳಗೆ. ಆರೋಗ್ಯ ಚೆನ್ನಾಗಿರಬೇಕು ತಾನೆ? ಅವರಿಗೆ ಭಾರಿ ಸಕ್ಕರೆ ಕಾಯಿಲೆ, ಊದಿಕೊಂಡ ಫ್ಯಾಟಿ ಲಿವರ್, ರಕ್ತದಲ್ಲಿ ಏರಿದ ಟ್ರೈಗ್ಲಿಸರೈಡ್ ಎಂಬ ಕೊಬ್ಬು, ತಣಿಯದ ಹಸಿವು. ಉಂಡದ್ದನ್ನು ತುಂಬಿಡಲು ಕಣಜವೇ ಇಲ್ಲದೆ ಕೊಬ್ಬು ಲಿವರ್, ಸ್ನಾಯು ಎಲ್ಲೆಂದರಲ್ಲಿ ಸೇರುತ್ತದೆ. ಇಂಥ ಕೊಬ್ಬಿಲ್ಲದ ಇಲಿಗಳಿಗೆ ಬೇರೆ ಇಲಿಯ ಕೊಬ್ಬನ್ನು ಕಸಿ ಮಾಡಿದಾಗ ಸಕ್ಕರೆ ಕಾಯಿಲೆ ಸರಿಹೋಯಿತು! ಮೈ ಪೂರ್ತಿ ಕೊಬ್ಬಿಲ್ಲದ ಇಂಥ ರೋಗಿಗಳಿಗೆಂದು ಮೆಟ್ರೆಲೆಪ್ಟಿನ್ ಎಂಬ ಲೆಪ್ಟಿನ್ ಚುಚ್ಚುಮದ್ದನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2014ರಲ್ಲಿ ಒಪ್ಪಿತು.

ಎರಡನ್ನೂ ಸೇರಿಸಿದರೆ ಅಕ್ಕನ ಪ್ರಶ್ನೆಗೆ ಉತ್ತರ ಸಿಗುತ್ತದೆ. ಕೊಬ್ಬು ಎಷ್ಟಿದೆ ಎಂಬುದರಷ್ಟೇ, ಅದಕ್ಕೆ ಜಾಗ ಇದೆಯಾ ಎಂಬುದೂ ಮುಖ್ಯ. ಚರ್ಮದ ಕೆಳಗಿನ ಕಣಜ ಕೆಲವರಿಗೆ ದೊಡ್ಡದು. ಹೊಸ ಕೊಬ್ಬಿನ ಕೋಶಗಳು ಹುಟ್ಟಿಕೊಂಡು ಹಂಚಿಕೊಳ್ಳುತ್ತವೆ. ಸೊಂಟ, ತೊಡೆ ತುಂಬುತ್ತವೆ, ಲಿವರ್ ಸುಖವಾಗಿರುತ್ತದೆ. ಕೆಲವರಿಗೆ ಕಣಜ ಚಿಕ್ಕದು. ಇದರಲ್ಲಿ ಅಪ್ಪ ಅಮ್ಮನಿಂದ ಬಂದ ಜೀನ್‌ಗಳ ಪಾಲು ದೊಡ್ಡದು, ಒಂದೇ ಮನೆಯ ಅಕ್ಕ ತಂಗಿಯರಲ್ಲೂ ವ್ಯತ್ಯಾಸ ಇರುತ್ತದೆ. ಚಿಕ್ಕ ಕಣಜದಲ್ಲಿ ಇರುವ ಕೋಶಗಳೇ ಊದಿಕೊಳ್ಳುತ್ತವೆ. ಮಿಕ್ಕಿದ್ದು ಹೊಟ್ಟೆಯೊಳಗೆ, ಕರುಳಿನ ಸುತ್ತ, ಲಿವರ್ ಒಳಗೆ ಸೇರುತ್ತದೆ.

ಊದಿದ ಕೋಶದ ಪಾಡು ಚೆನ್ನಾಗಿರುವುದಿಲ್ಲ. ಆಮ್ಲಜನಕ ಸರಿಯಾಗಿ ತಲುಪುವುದಿಲ್ಲ. ಕೆಲವು ಸಾಯುತ್ತವೆ. ಸತ್ತದ್ದನ್ನು ಗುಡಿಸಲು ಮ್ಯಾಕ್ರೋಫೇಜ್ ಎಂಬ ರಕ್ಷಣಾ ಕೋಶಗಳು ಬಂದು ಸುತ್ತ ಕೂರುತ್ತವೆ. ಅವು ಬಿಡುವ ಟಿಎನ್‌ಎಫ್ ಆಲ್ಫಾದಂಥ ಉರಿಯೂತದ ವಸ್ತುಗಳು ಇನ್ಸುಲಿನ್‌ನ ಸಂದೇಶವನ್ನು ಕೋಶದೊಳಗೆ ಕೆಡಿಸುತ್ತವೆ. ಅಡಿಪೊನೆಕ್ಟಿನ್ ಇಳಿಯುತ್ತದೆ. ಇನ್ಸುಲಿನ್ ಮಾತು ನಡೆಯದೆ ಕೊಬ್ಬು ಕರಗಿ ರಕ್ತಕ್ಕೆ ಹರಿಯುತ್ತಲೇ ಇರುತ್ತದೆ. ಹೊಟ್ಟೆಯೊಳಗಿನ ಕೊಬ್ಬಿನ ರಕ್ತವಂತೂ ನೇರ ಲಿವರ್‌ಗೇ ಹೋಗುತ್ತದೆ. ನಿಮ್ಮ ಸ್ಕ್ಯಾನ್ ರಿಪೋರ್ಟ್ ಹೇಳುತ್ತಿರುವುದು ಇದನ್ನೇ: ಕಣಜ ತುಂಬಿದೆ, ಕೊಬ್ಬು ಅಂಗಳಕ್ಕೆ ಬಂದಿದೆ.

ಅಂದ ಹಾಗೆ, ಕೊಬ್ಬು ಇಷ್ಟಕ್ಕೇ ನಿಲ್ಲುವುದಿಲ್ಲ. ರಕ್ತದೊತ್ತಡ ಏರಿಸುವ ಆಂಜಿಯೋಟೆನ್ಸಿನೋಜನ್, ರಕ್ತದ ಗಡ್ಡೆ ಕರಗದಂತೆ ತಡೆಯುವ ವಸ್ತು ಇದರಿಂದಲೂ ಬರುತ್ತವೆ. ಇದರೊಳಗೆ ಗಂಡು ಹಾರ್ಮೋನ್‌ಗಳನ್ನು ಈಸ್ಟ್ರೋಜನ್ ಆಗಿ ಬದಲಿಸುವ ಕಿಣ್ವ ಇದೆ. ಮುಟ್ಟು ನಿಂತ ಮೇಲೆ ಹೆಂಗಸರ ಈಸ್ಟ್ರೋಜನ್ ಮುಖ್ಯವಾಗಿ ಇಲ್ಲಿಂದಲೇ. ಆ ವಯಸ್ಸಿನಲ್ಲಿ ಬೊಜ್ಜಿಗೂ ಸ್ತನ ಮತ್ತು ಗರ್ಭಕೋಶದ ಕ್ಯಾನ್ಸರ್‌ಗೂ ನಂಟು ಇರುವುದಕ್ಕೆ ಇದು ಒಂದು ಕಾರಣ.

ಲೈಪೋಸಕ್ಷನ್? ಇದನ್ನು ಮಾಡಿಯೇ ನೋಡಿದ್ದಾರೆ. 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 15 ಹೆಂಗಸರ ಹೊಟ್ಟೆಯ ಚರ್ಮದ ಕೆಳಗಿನಿಂದ ಸುಮಾರು 10 ಕೆಜಿ ಕೊಬ್ಬು ಹೀರಿ ತೆಗೆದರು. ಎರಡೂವರೆ ಮೂರು ತಿಂಗಳ ನಂತರ ಇನ್ಸುಲಿನ್ ಕೆಲಸ, ರಕ್ತದೊತ್ತಡ, ಸಕ್ಕರೆ, ಉರಿಯೂತದ ಗುರುತು, ಅಡಿಪೊನೆಕ್ಟಿನ್ ಯಾವುದೂ ಸುಧಾರಿಸಿರಲಿಲ್ಲ. ಯಾಕೆ ಎಂದು ಈಗ ನೀವೇ ಹೇಳಬಲ್ಲಿರಿ. ತೆಗೆದದ್ದು ಕಣಜದ್ದು. ಲಿವರ್‌ನಲ್ಲಿದ್ದದ್ದು, ಕರುಳಿನ ಸುತ್ತ ಇದ್ದದ್ದು ಅಲ್ಲೇ ಇತ್ತು. ಆಕಾರಕ್ಕೆ ಮಾಡಿಸುವವರು ಮಾಡಿಸಲಿ. ಎಚ್‌ಬಿಎ1ಸಿ ಇಳಿಸಲು ಅದು ದಾರಿ ಅಲ್ಲ.

ಸಮಾಧಾನದ ಸುದ್ದಿಯೂ ಇದೆ. ಊಟ ಕಡಿಮೆ ಮಾಡಿ ತೂಕ ಇಳಿಸಿದಾಗ ಮೊದಲು ಖಾಲಿಯಾಗುವುದರಲ್ಲಿ ಲಿವರ್‌ನ ಕೊಬ್ಬು ಒಂದು. ಅಂಗಳಕ್ಕೆ ಬಂದದ್ದು ಮೊದಲು ಹೋಗುತ್ತದೆ. ಅದಕ್ಕೇ 5ರಿಂದ 7% ಇಳಿದರೂ ರಿಪೋರ್ಟ್ ಬದಲಾಗುತ್ತದೆ. ನಿಮ್ಮ ಲೆಕ್ಕದಲ್ಲಿ 4ರಿಂದ 6 ಕೆಜಿ. ಅಮೆರಿಕದಲ್ಲಿ ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದ ಮೂರು ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 7% ಇಳಿಸುವುದು ಮತ್ತು ವಾರಕ್ಕೆ 150 ನಿಮಿಷ ನಡಿಗೆಯಂಥ ವ್ಯಾಯಾಮ ಎಂಬ ಗುರಿ ಕೊಟ್ಟ ಗುಂಪಿನಲ್ಲಿ ಕಾಯಿಲೆಗೆ ಜಾರಿದವರು 58% ಕಡಿಮೆ. 68ಕ್ಕೆ ಹೋಗಲೇಬೇಕು ಎಂಬ ಹಟ ಬಿಡಿ. 76 ಮುಟ್ಟಿ ಅಲ್ಲಿ ಒಂದು ವರ್ಷ ನಿಲ್ಲುವುದು, 68 ಮುಟ್ಟಿ ಆರು ತಿಂಗಳಿಗೆ 81ಕ್ಕೆ ಮರಳುವುದಕ್ಕಿಂತ ಎಷ್ಟೋ ಮೇಲು.

ನಿಧಾನವಾಗಿ ಇಳಿಸಿದರೆ ವಾಪಸ್ ಬರುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. 2014ರ ಒಂದು ಅಧ್ಯಯನದಲ್ಲಿ ಬೇಗ ಇಳಿಸಿದವರು, ನಿಧಾನ ಇಳಿಸಿದವರು ಇಬ್ಬರಿಗೂ ಸುಮಾರು 70% ತೂಕ ಮರಳಿತ್ತು. ವೇಗಕ್ಕಿಂತ ಇಳಿದ ಮೇಲೆ ಏನು ಮಾಡುತ್ತೀರಿ ಎಂಬುದು ಮುಖ್ಯ. ಇಳಿಸುವ ಯೋಜನೆ ಮೂರು ತಿಂಗಳದ್ದಾದರೆ ನಿಲ್ಲಿಸುವ ಯೋಜನೆ ಮೂರು ವರ್ಷದ್ದು ಇರಲಿ. ಕಾವಲುಗಾರ ಡಂಗುರ ಹೊಡೆಯುತ್ತಾನೆ ಎಂದು ಮೊದಲೇ ಗೊತ್ತಿರಲಿ. ಹಸಿವು ಜಾಸ್ತಿ ಆಗುವ ಆ ದಿನಗಳಿಗೆ ಹೊಟ್ಟೆ ತುಂಬಿಸುವ, ಪ್ರೋಟೀನ್ ಮತ್ತು ನಾರು ಜಾಸ್ತಿ ಇರುವ ಊಟವೇ ಗತಿ. ವಾರಕ್ಕೆ ಎರಡು ಮೂರು ಸಲ ಭಾರ ಎತ್ತುವ ವ್ಯಾಯಾಮ ಮಾಡಿ. ತೂಕ ಇಳಿಯುವಾಗ ಸ್ನಾಯು ಕೂಡ ಹೋಗುತ್ತದೆ, ಉಂಡ ಸಕ್ಕರೆಯ ದೊಡ್ಡ ಪಾಲು ಸೇರುವುದು ಸ್ನಾಯುವಿಗೇ.

ನಿದ್ದೆ ಎಷ್ಟು ಮಾಡುತ್ತೀರಿ ಎಂದು ನೀವು ಬರೆದಿಲ್ಲ. 2004ರಲ್ಲಿ ಚಿಕಾಗೊದಲ್ಲಿ 12 ಯುವಕರನ್ನು ಎರಡು ರಾತ್ರಿ ಬರೀ ನಾಲ್ಕು ಗಂಟೆ ಮಲಗಿಸಿದಾಗ, ಚೆನ್ನಾಗಿ ಮಲಗಿದ ದಿನಗಳಿಗಿಂತ ಲೆಪ್ಟಿನ್ 18% ಇಳಿದಿತ್ತು, ಗ್ರೆಲಿನ್ 28% ಏರಿತ್ತು. ಆಮೇಲಿನ ಎಲ್ಲ ಅಧ್ಯಯನಗಳಲ್ಲೂ ಹಾರ್ಮೋನ್ ಇಷ್ಟು ಬದಲಾಗಿಲ್ಲ. ಆದರೆ ನಿದ್ದೆಗೆಟ್ಟವರು ಜಾಸ್ತಿ ತಿನ್ನುತ್ತಾರೆ ಎಂಬುದು ಮತ್ತೆ ಮತ್ತೆ ಕಂಡಿದೆ.

ತೂಕ ಇಳಿಸುವ ಸೆಮಾಗ್ಲುಟೈಡ್, ಟಿರ್ಜೆಪಟೈಡ್ ಚುಚ್ಚುಮದ್ದುಗಳ ಬಗ್ಗೆ ನೀವು ಕೇಳಿಲ್ಲ, ಮುಂದಿನ ಪತ್ರದಲ್ಲಿ ಕೇಳುತ್ತೀರಿ ಎಂದು ಗೊತ್ತು. ಅವು ಕೊಬ್ಬಿನ ಹಾರ್ಮೋನ್ ಅಲ್ಲ, ಕರುಳಿನ ಹಾರ್ಮೋನ್‌ಗಳ ನಕಲು. ಕಿವುಡಾದ ಲೆಪ್ಟಿನ್ ಬಾಗಿಲು ಬಿಟ್ಟು ಬೇರೆ ಬಾಗಿಲಿನಿಂದ ಮೆದುಳಿಗೆ 'ಸಾಕು' ಎನ್ನುತ್ತವೆ. ಸೆಮಾಗ್ಲುಟೈಡ್‌ನ ದೊಡ್ಡ ಪ್ರಯೋಗದಲ್ಲಿ 68 ವಾರದಲ್ಲಿ ಸುಮಾರು 15% ತೂಕ ಇಳಿಯಿತು. ಬಿಟ್ಟು ಒಂದು ವರ್ಷಕ್ಕೆ ಇಳಿದದ್ದರ ಮೂರನೇ ಎರಡು ಭಾಗ ಮರಳಿತು. ಅಲ್ಲೂ ಅದೇ ಕಾವಲುಗಾರ. ಎತ್ತರಕ್ಕೆ ತೂಕ ಎಷ್ಟು ಎಂದು ಹೇಳುವ ಬಿಎಂಐ ನಿಮಗೆ 32 ಆಗುತ್ತದೆ, ಹಾಗಾಗಿ ಈ ಮದ್ದಿನ ಮಾತು ಆಡುವುದರಲ್ಲಿ ತಪ್ಪಿಲ್ಲ. ನಿಮ್ಮನ್ನು ನೋಡುವ ವೈದ್ಯರ ಜೊತೆ ಆಡಿ. ಬಹಳ ದಿನ ತೆಗೆದುಕೊಳ್ಳುವ ಮದ್ದು ಎಂದು ತಿಳಿದೇ ಶುರು ಮಾಡಬೇಕು.

ಮುಂದೆ ಲೆಪ್ಟಿನ್ ಟೆಸ್ಟ್ ಬೇಡ. ಅದರ ಬದಲು ಅಳತೆ ಟೇಪ್ ಇಟ್ಟುಕೊಳ್ಳಿ. ಸೊಂಟದ ಸುತ್ತಳತೆ ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕು, ನಿಮಗೆ 79 ಸೆಂ.ಮೀ. ಅಲ್ಲಿಗೆ ಒಂದೇ ಸಲ ಹೋಗಬೇಕಿಲ್ಲ, ಆ ಕಡೆ ಸರಿಯುತ್ತಿದೆಯಾ ನೋಡಿ. ಮೂರು ತಿಂಗಳಿಗೊಮ್ಮೆ ಎಚ್‌ಬಿಎ1ಸಿ, ಜೊತೆಗೆ ಟ್ರೈಗ್ಲಿಸರೈಡ್ ಮತ್ತು ಲಿವರ್ ಕಿಣ್ವಗಳು. ಥೈರಾಯ್ಡ್ ನೋಡಿಸಿಲ್ಲದಿದ್ದರೆ ಒಂದು ಸಲ ನೋಡಿಸಿ. ಅಕ್ಕನಿಗೂ ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿಸಲು ಹೇಳಿ. ದೊಡ್ಡ ಕಣಜವೂ ಒಂದು ದಿನ ತುಂಬುತ್ತದೆ, ಇವತ್ತು ನಾರ್ಮಲ್ ಇರುವ ಎಷ್ಟೋ ಜನ ಹತ್ತು ವರ್ಷದಲ್ಲಿ ನಿಮ್ಮ ಸಾಲಿಗೆ ಬರುತ್ತಾರೆ.

ಇನ್ನು ಆ ಡಬ್ಬಿ. ಲೆಪ್ಟಿನ್ ಒಂದು ಪ್ರೋಟೀನ್. ಬಾಯಿಯಿಂದ ನುಂಗಿದರೆ ಹೊಟ್ಟೆ ಅದನ್ನು ಉಳಿದ ಆಹಾರದಂತೆಯೇ ಅರಗಿಸಿಬಿಡುತ್ತದೆ, ಅದಕ್ಕೇ ನಿಜವಾದ ಲೆಪ್ಟಿನ್ ಇರುವುದು ಚುಚ್ಚುಮದ್ದಿನಲ್ಲಿ ಮಾತ್ರ. ಸೀಲ್ ಒಡೆದಿಲ್ಲದಿದ್ದರೆ ವಾಪಸ್ ಕೊಟ್ಟು ದುಡ್ಡು ಕೇಳಿ. ಒಡೆದಿದ್ದರೆ ಒಳಗೆ ಏನೇನಿದೆ ಎಂದು ಬರೆದಿರುವ ಚೀಟಿಯನ್ನು ನಿಮ್ಮ ವೈದ್ಯರಿಗೆ ತೋರಿಸಿ, ಫ್ಯಾಟಿ ಲಿವರ್ ಇರುವಾಗ ಗೊತ್ತಿಲ್ಲದ್ದನ್ನು ನುಂಗಬೇಡಿ.